ಪೇಂಟರ್ ಹಾಲಸ್ವಾಮಿಯ ಮನೆಗೆ ಬಣ್ಣ

ಹೊಸದುರ್ಗದಲ್ಲಿ ಎಷ್ಟೋ ಮನೆಗಳಿಗೆ ಬಣ್ಣ ಹೊಡೆದಿದ್ದ ಹಾಲಸ್ವಾಮಿಯ ಸ್ವಂತ ಮನೆ ಹದಿನಾರು ವರ್ಷಗಳಿಂದ ಬಣ್ಣ ಕಂಡಿರಲಿಲ್ಲ. ಅಪ್ಪ ಕಟ್ಟಿಸಿದ ಮನೆ. ಮದುವೆಯ ಹಿಂದಿನ ವಾರ ಬಳಿದ ತಿಳಿನೀಲಿ ಸುಣ್ಣ ಈಗ ಬೂದಿಯಂತಾಗಿ, ಕಿಟಕಿಗಳ ಕೆಳಗೆ ಹಪ್ಪಳದ ಹಾಗೆ ಎದ್ದು ನಿಂತಿತ್ತು.

"ಊರಿಗೆಲ್ಲ ಬಣ್ಣ ಹೊಡೀತೀರಿ, ನಮ್ಮನೆ ನೋಡಿದ್ರೆ ಪಾಳುಬಿದ್ದ ಗೋಡೌನ್ ಇದ್ದಂಗೈತೆ" ಎಂದು ಹೆಂಡತಿ ಯಮುನಾ ವರ್ಷಕ್ಕೊಮ್ಮೆಯಾದರೂ ಹೇಳುತ್ತಿದ್ದಳು.

"ಯುಗಾದಿಗೆ ಮಾಡಾಣ ಬಿಡು" ಎನ್ನುತ್ತಿದ್ದ. ಆದರೆ ಊರವರಿಗೂ ಯುಗಾದಿಗೇ ಬಣ್ಣ ಬೇಕಾಗುತ್ತಿತ್ತು.

ಕಳೆದ ಶ್ರಾವಣದಲ್ಲಿ ಹೊಳಲ್ಕೆರೆಯ ಎರಡಂತಸ್ತಿನ ಮನೆಯೊಂದಕ್ಕೆ ಬಣ್ಣ ಹೊಡೆಯುತ್ತಿದ್ದಾಗ ಹಾಲಸ್ವಾಮಿ ತಾನು ನಿಂತಿದ್ದ ಸಾರ್ವೆಯಿಂದ ಬಿದ್ದ. ಸಾರ್ವೆಯ ಬೊಂಬುಗಳಿಗೆ ಬಿಗಿದಿದ್ದ ಹಗ್ಗ ಬಿಚ್ಚಿಕೊಂಡಿತ್ತು. ತೊಡೆಯ ಮೂಳೆ ಮುರಿದು, ಚಿತ್ರದುರ್ಗದಲ್ಲಿ ಆಪರೇಷನ್ ಆಗಿ ಒಳಗೆ ರಾಡು ಕೂತಿತು. ಆಸ್ಪತ್ರೆಗೆ ಬಂದ ಮೇಸ್ತ್ರಿ ದಯಾನಂದ, "ಹಗ್ಗ ಯಾರು ಕಟ್ಟಿದ್ದು?" ಎಂದು ಕೇಳಿದಾಗ ಹಾಲಸ್ವಾಮಿ ಕಣ್ಣು ಮುಚ್ಚಿಕೊಂಡೇ "ಶಿವಯ್ಯ" ಎಂದಿದ್ದ.

ಶಿವಯ್ಯ ಹನ್ನೊಂದು ವರ್ಷದಿಂದ ಅವನ ಜೊತೆ ಕೆಲಸ ಮಾಡುತ್ತಿದ್ದವನು. ತಾನು ಕಟ್ಟಿಲ್ಲ ಎಂದು ಅವನು ಒಂದೆರಡು ಸಲ ಹೇಳಿದ. ಹಾಸಿಗೆ ಹಿಡಿದವನ ಮಾತಿನ ಮುಂದೆ ಅವನ ಮಾತು ನಿಲ್ಲಲಿಲ್ಲ. ದಯಾನಂದ ಅವನನ್ನು ಕೆಲಸಕ್ಕೆ ಕರೆಯುವುದನ್ನು ಬಿಟ್ಟ. ಸಂತೆಯಲ್ಲಿ ಶಿವಯ್ಯನ ಹೆಂಡತಿ ಗಂಗಕ್ಕ ಎದುರಾದಾಗ ಯಮುನಾ ಮುಖ ತಿರುಗಿಸಿ ಹೋದಳು.

ಆರು ತಿಂಗಳಾದರೂ ಹಾಲಸ್ವಾಮಿ ಹೊಸ್ತಿಲು ದಾಟಲಿಲ್ಲ. ವಾಕರ್ ಹಿಡಿದು ಮಂಚದಿಂದ ಬಚ್ಚಲಿಗೆ, ಬಚ್ಚಲಿಂದ ಮಂಚಕ್ಕೆ. ಡಾಕ್ಟರು ಹೊರಗೆ ಓಡಾಡು ಎಂದಿದ್ದರೂ ಕೇಳಲಿಲ್ಲ. ಬಂದವರ ಹತ್ತಿರ ಮಾತೂ ಕಡಿಮೆ. ಯಮುನಾ ಹೊಲಿಗೆ ಮೆಷಿನ್ ಮುಂದೆ ಕೂತು ಅವನ ಬೆನ್ನನ್ನೇ ನೋಡುತ್ತಿದ್ದಳು.

ಮಾಘದ ಒಂದು ಬೆಳಿಗ್ಗೆ ಅವಳು ಅಟ್ಟದ ಮೇಲಿದ್ದ ಅವನ ಸಾಮಾನಿನ ಚೀಲ ಇಳಿಸಿದಳು. ತಂತಿ ಬ್ರಷ್ಷು, ಕೆರೆಯುವ ಪಟ್ಟಿ, ರೋಲರು ಎಲ್ಲ ಹಾಗೇ ಇದ್ದವು. ಅವನಿಗೇನೂ ಹೇಳದೆ ಸೆರಗು ಸಿಕ್ಕಿಸಿ ಬೀದಿ ಕಡೆಯ ಗೋಡೆ ಕೆರೆಯಲು ಶುರು ಮಾಡಿದಳು.

ಒಳಗೆ ಮಲಗಿದ್ದವನಿಗೆ ಸದ್ದು ಕೇಳಿತು. ಕರ್ರ್, ಕರ್ರ್. ಸ್ವಲ್ಪ ಹೊತ್ತು ಸಹಿಸಿಕೊಂಡ. ಆಮೇಲೆ ಕೂಗಿದ, "ಪಟ್ಟಿ ನೆಟ್ಟಗೆ ಹಿಡೀಬ್ಯಾಡ, ಓರೆ ಹಿಡಿ! ಗಾರೆ ಕಿತ್ಕಂಡ್ ಬರ್ತೈತೆ!"

"ಅಲ್ಲಿಂದ ಕೂಗಿದ್ರೆ ನಂಗೆ ತಿಳಿಯಲ್ಲ. ಬಂದು ತೋರಿಸ್ರಿ."

ಸದ್ದು ಮತ್ತೆ ಶುರುವಾಯಿತು, ಮೊದಲಿಗಿಂತ ಕೆಟ್ಟದಾಗಿ. ಹತ್ತು ನಿಮಿಷದ ನಂತರ ವಾಕರಿನ ಟಕ್ ಟಕ್ ಕೇಳಿಸಿತು. ಹಾಲಸ್ವಾಮಿ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಬಾಗಿಲಲ್ಲಿ ನಿಂತಿದ್ದ. ಯಮುನಾ ಏನೂ ಆಗದವಳಂತೆ ತೆಂಗಿನ ಮರದ ನೆರಳಿಗೆ ಕುರ್ಚಿ ಹಾಕಿದಳು.

ಅಂದಿನಿಂದ ಅವನು ದಿನಾ ಆ ಕುರ್ಚಿಯಲ್ಲಿ ಕೂತ. ಗೋಡೆಯನ್ನು ಬೆರಳ ಗಂಟಿನಿಂದ ತಟ್ಟಲು ಹೇಳಿಕೊಟ್ಟ. ಡಬ್ ಎಂದರೆ ಒಳಗೆ ಟೊಳ್ಳು, ಒಡೆದು ಮತ್ತೆ ಗಾರೆ ಮೆತ್ತಬೇಕು. ಹಳೇ ಸುಣ್ಣದ ಮೇಲೇ ಬಳಿದರೆ ಒಂದು ಮಳೆಗೆ ಹೊಸ ಬಣ್ಣವೆಲ್ಲ ಚರ್ಮ ಸುಲಿದಂತೆ ಬರುತ್ತದೆ. ಯಮುನಾಳ ಅಂಗೈಯಲ್ಲಿ ಬೊಬ್ಬೆ ಬಂದವು, ತಲೆಯೆಲ್ಲ ಸುಣ್ಣದ ಪುಡಿ. ಸಂತೆಗೆ ಹೋಗುವವರು ಬೈಕ್ ನಿಲ್ಲಿಸಿ, "ಏನಪ್ಪ ಹಾಲಸ್ವಾಮಿ, ಹೆಂಡ್ತಿಗೆ ಕೆಲ್ಸ ಕಲಿಸ್ತಿದೀಯ?" ಎಂದರೆ ಅವನು ನಗುತ್ತಿದ್ದ. ಅವನು ನಕ್ಕಿದ್ದನ್ನು ಯಮುನಾ ಬಹಳ ದಿನಗಳ ಮೇಲೆ ನೋಡಿದಳು.

ಬಣ್ಣದ ವಿಷಯಕ್ಕೆ ಮಾತ್ರ ಜಗಳವಾಯಿತು. ಅವಳಿಗೆ ಹಣ್ಣಾದ ಪರಂಗಿ ಬಣ್ಣ ಬೇಕು.

"ಕಣ್ಣಿಗೆ ಹೊಡಿತೈತೆ ಕಣೇ. ಕ್ರೀಮು ಹಾಕು, ಗೌರವವಾಗಿರ್ತದೆ."

"ಬ್ಯಾರೆಯವರ ಮನೇಲಾದ್ರೆ ಹೆಂಗಸರು ಹೇಳಿದ್ದೇ ಹಾಕ್ತೀರಲ್ಲ!"

ಪರಂಗಿ ಬಣ್ಣವೇ ಬಂತು. ಉದ್ದ ಕೋಲಿಗೆ ರೋಲರು ಕಟ್ಟಿ ಮೇಲಿನತನಕ ಹೊಡೆದಿದ್ದ ಬಿಳಿ ಪ್ರೈಮರ್ ಒಣಗಿ, ಏಳಡಿ ಎತ್ತರದವರೆಗೆ ಬಣ್ಣ ಮುಗಿಯಿತು. ಉಳಿದದ್ದು ಬ್ರಷ್ಷಿನಲ್ಲೇ ಹೊಡೆಯಬೇಕಾದ, ಮಾಳಿಗೆಯ ಅಂಚಿನ ತನಕದ ಮೇಲುಭಾಗ. ಯಮುನಾ ಏಣಿ ತಂದು ಗೋಡೆಗೆ ಆನಿಸಿ, ನಾಲ್ಕು ಮೆಟ್ಟಿಲು ಹತ್ತಿ, ಅದು ಜಾರದಿರಲೆಂದು ಕಿಟಕಿಯ ಸರಳಿಗೆ ಹಗ್ಗ ಸುತ್ತಿ ಗಂಟು ಹಾಕಿದಳು.

"ಇಳಿ" ಎಂದ ಹಾಲಸ್ವಾಮಿ.

"ಗಟ್ಟಿಯಾಗೇ ಐತೆ, ನೋಡ್ರಿ."

"ಇಳಿ ಅಂದೆ! ಆ ಗಂಟು ಬಿಚ್ಚು. ಅದು ಎಳೆದಂಗೆಲ್ಲ ಜಾರ್ತೈತೆ." ಅವನು ವಾಕರ್ ಹಿಡಿದು ಕುರ್ಚಿಯಿಂದ ಎದ್ದು ನಿಂತಿದ್ದ. "ಅವತ್ತು ನಾನು ಹಾಕಿದ್ದೂ ಅದೇ ಗಂಟು."

ಯಮುನಾ ಮೆಲ್ಲಗೆ ಇಳಿದು ಬಂದಳು. "ನೀವಾ? ಶಿವಯ್ಯ ಕಟ್ಟಿದ್ದಲ್ವಾ?"

ಅವನು ನೆಲ ನೋಡಿದ. "ಶಿವಯ್ಯ ನೀರು ತರಾಕೆ ಹೋಗಿದ್ದ. ಅವನು ಬರಲಿ, ಕಟ್ತಾನೆ ಅನ್ನಷ್ಟು ತಾಳ್ಮೆ ನಂಗಿರಲಿಲ್ಲ. ಮೇಸ್ತ್ರಿ ಕೇಳ್ದಾಗ... ಇಪ್ಪತ್ತು ವರ್ಷದ ಕೆಲಸಗಾರ, ಒಂದು ಹಗ್ಗ ಕಟ್ಟಾಕೆ ಬರಲಿಲ್ಲ ಅಂತಾರಲ್ಲ ಅನ್ನಿಸ್ತು. ಬಾಯಿಗೆ ಅವನ ಹೆಸರು ಬಂತು. ಆಮೇಲೆ ವಾಪಸ್ ತಗಳಾಕೆ ಆಗ್ಲಿಲ್ಲ."

"ಗಂಗಕ್ಕ ಸಂತೇಲಿ ನನ್ನ ಮಾತಾಡ್ಸಾಕೆ ಬಂದ್ಲು. ಮುಖ ತಿರುಗಿಸ್ಕಂಡು ಹೋದೆ ನಾನು" ಎಂದಷ್ಟೇ ಹೇಳಿ ಯಮುನಾ ಬ್ರಷ್ಷನ್ನು ಬಕೆಟ್ಟಿಗೆ ಹಾಕಿ ಒಳಗೆ ಹೋದಳು.

ಎರಡು ದಿನ ಅವಳು ಗೋಡೆ ಮುಟ್ಟಲಿಲ್ಲ. ಊಟಕ್ಕಿಡುತ್ತಿದ್ದಳು, ಔಷಧಿ ಕೊಡುತ್ತಿದ್ದಳು, ಮಾತಿಲ್ಲ. ಮನೆ ಕೆಳಗೆ ಪರಂಗಿ, ಮೇಲೆ ಬಿಳಿಯಾಗಿ ನಿಂತಿತ್ತು. ಮೂರನೆಯ ದಿನ ಬೆಳಿಗ್ಗೆ ಹಾಲಸ್ವಾಮಿ ಅವಳಿಗೆ ಕೇಳಿಸುವಂತೆ ದಯಾನಂದನಿಗೆ ಫೋನ್ ಮಾಡಿದ. "ಮೇಸ್ತ್ರಿ, ಆ ಹಗ್ಗ ಕಟ್ಟಿದ್ದು ನಾನು. ಶಿವಯ್ಯ ಅಲ್ಲ." ಆ ಕಡೆಯಿಂದ ಬೈಗುಳ ಬಂದವು. ಪೂರಾ ಕೇಳಿಸಿಕೊಂಡು ಫೋನ್ ಇಟ್ಟ.

"ಆಟೋ ಕರಿ" ಎಂದ. "ಶಿವಯ್ಯನ ಮನೆಗೆ ಹೋಗಾಣ."

ಶಿವಯ್ಯ ಕೊಬ್ಬರಿ ಮಂಡಿಯ ಕೆಲಸಕ್ಕೆ ಹೊರಟು ನಿಂತಿದ್ದ. ಹಾಲಸ್ವಾಮಿ ಕೂರಲಿಲ್ಲ. ವಾಕರಿನ ಮೇಲೆ ಭಾರ ಹಾಕಿ ನಿಂತೇ ಎಲ್ಲ ಹೇಳಿದ.

"ಮೇಸ್ತ್ರಿಗೆ ಹೇಳ್ದಾ?" ಶಿವಯ್ಯ ಕೇಳಿದ.

"ಈಗ ಹೇಳಿ ಬಂದೆ."

"ನೀನು ಬಿದ್ದಾಗ ನಾನೇ ಎತ್ಕಂಡು ವ್ಯಾನಿಗೆ ಹಾಕಿದ್ದು, ಹಾಲಣ್ಣ. ದಾರಿ ತುಂಬ ಅತ್ತಿದೀನಿ. ಆಮೇಲೆ ನನ್ನ ಹೆಸರೇ ಹೇಳಿದೀಯ ಅಂತ ಗೊತ್ತಾಯ್ತು." ಅವನು ಹೆಗಲ ಟವೆಲ್ಲು ಕೊಡವಿದ. "ನಂಗೆ ಕೆಲಸಕ್ಕೆ ಹೊತ್ತಾಯ್ತು."

ಗಂಗಕ್ಕ ಇಬ್ಬರಿಗೂ ನೀರು ಕೊಟ್ಟಳು. ಯಮುನಾ, "ತಪ್ಪಾಯ್ತಕ್ಕ" ಎಂದಳು. ಗಂಗಕ್ಕ ತಲೆಯಾಡಿಸಿದಳು, ಒಳಗೆ ಬಾ ಎನ್ನಲಿಲ್ಲ.

ಮುಂದಿನ ಭಾನುವಾರ ಯಮುನಾ ಮತ್ತೆ ಏಣಿ ಹಾಕಿ, ಹಾಲಸ್ವಾಮಿ ಹೇಳಿದಂತೆ ಹಗ್ಗ ಕಟ್ಟಿದಳು. ಹಾಲಸ್ವಾಮಿ ಏಣಿಯ ಬುಡಕ್ಕೇ ಕುರ್ಚಿ ಎಳೆದುಕೊಂಡು, ಎರಡೂ ಕೈಯಲ್ಲಿ ಅದನ್ನು ಅಪ್ಪಿ ಕೂತಿದ್ದ. ಅಷ್ಟರಲ್ಲಿ ಬೈಕೊಂದು ಬಂದು ನಿಂತಿತು. ಶಿವಯ್ಯ ಯಾರನ್ನೂ ಮಾತಾಡಿಸದೆ ಏಣಿ ಹತ್ತಿ, ಹಗ್ಗ ಬಿಚ್ಚಿ, ತನ್ನ ರೀತಿಯಲ್ಲಿ ಬಿಗಿದು, ಎರಡು ಸಲ ಜಗ್ಗಿ ನೋಡಿದ.

"ಮೇಲಿನದು ನಾನ್ ಹೊಡೀತೀನಿ, ಬ್ರಷ್ ಕೊಡಮ್ಮ."

"ಬ್ಯಾಡಣ್ಣ. ಇಲ್ಲೀತನ ನಾನೇ ಮಾಡಿದೀನಿ, ಇದನ್ನೂ ನಾನೇ ಮಾಡ್ತೀನಿ. ನೀವು ಏಣಿ ಹಿಡ್ಕಳ್ರಿ."

ಯಮುನಾ ಹತ್ತಿದಳು. ಬ್ರಷ್ಷನ್ನು ಬಣ್ಣದಲ್ಲಿ ಅದ್ದಿ ಮಾಳಿಗೆಯ ಅಂಚಿನಿಂದ ಎಳೆಯತೊಡಗಿದಳು. ಕೆಳಗೆ ಇಬ್ಬರು ಗಂಡಸರು ಏಣಿಯ ಒಂದೊಂದು ಕಡೆ ಹಿಡಿದು ತಲೆ ಎತ್ತಿ ನೋಡುತ್ತಿದ್ದರು. ಅವರ ನಡುವೆ "ಅಲ್ಲೊಂದು ಕಡೆ ಬಿಟ್ಟೋಗೈತೆ", "ಹೂಂ, ಐತೆ" ಎಂಬುದಕ್ಕಿಂತ ಹೆಚ್ಚು ಮಾತು ನಡೆಯಲಿಲ್ಲ. ಮಧ್ಯಾಹ್ನಕ್ಕೆ ಕೆಲಸ ಮುಗಿಯಿತು. ಊಟಕ್ಕೆ ಎಷ್ಟು ಕರೆದರೂ ಶಿವಯ್ಯ ನಿಲ್ಲದೆ ಹೊರಟುಹೋದ.

ತಿಂಗಳೊಳಗೆ ದಯಾನಂದ ಶಿವಯ್ಯನನ್ನು ಮತ್ತೆ ಕೆಲಸಕ್ಕೆ ಕರೆದ. ಹಾಲಸ್ವಾಮಿ ಕೋಲು ಹಿಡಿದು ಬಸ್ ಸ್ಟ್ಯಾಂಡಿನ ತನಕ ನಡೆಯುವಂತಾದ. ಎದುರಾದರೆ ಇಬ್ಬರೂ ನಿಂತು ಮಾತಾಡುತ್ತಾರೆ. ಮೊದಲಿನಷ್ಟು ಅಲ್ಲ.

ಒಂದು ಸಂಜೆ ಗಂಗಕ್ಕ ಬ್ಲೌಸಿನ ಬಟ್ಟೆ ಹಿಡಿದು ಬಂದಳು. ಒಳಗೆ ಬರುವ ಮುಂಚೆ ಬೀದಿಯಲ್ಲೇ ನಿಂತು ಗೋಡೆಯನ್ನು ಮೇಲಿಂದ ಕೆಳಗೆ ನೋಡಿದಳು.

"ಇದೇನ್ ಯಮುನಾ, ಇಷ್ಟು ಗಾಢ ಹಾಕಿದೀಯ! ಬಸ್ಸಲ್ಲಿ ಹೋಗೋರಿಗೂ ಕಾಣ್ತೈತೆ."

"ಕಾಣಲಿ ಅಂತಾನೇ ಹಾಕಿದ್ದು" ಎಂದು ನಗುತ್ತ ಯಮುನಾ ಅಳತೆ ಟೇಪು ಕೈಗೆತ್ತಿಕೊಂಡಳು. "ಬರ್ರಿ ಅಕ್ಕ, ಒಳಗ್ ಬಂದು ಕುಂತ್ಕಳ್ರಿ."