ಅಡ್ಡಾಗುವ ಹೊತ್ತಿನ ಉಸಿರು

ನಾನು ಒಂದು ಉಸಿರಿನ ಯಂತ್ರ. ಓದಿದವರು ನನ್ನನ್ನು ಸಿಪ್ಯಾಪ್ ಅನ್ನುತ್ತಾರೆ. ಜಮಖಂಡಿಯ ತಾಲೀಮು ಮನೆಯಲ್ಲಿ ಮಾತ್ರ ನನಗೆ ಗಣಪ್ಪ ಎಂದು ಹೆಸರು. ಅದಕ್ಕೆ ಕಾರಣ ನನ್ನ ಸೊಂಡಿಲು. ಊಟದ ಡಬ್ಬಿಯಷ್ಟು ಮೈ, ಅದರಿಂದ ಹೊರಟ ಸುಕ್ಕುಸುಕ್ಕಾದ ಉದ್ದ ಕೊಳವೆ, ಕೊಳವೆಯ ತುದಿಗೆ ಮೂಗಿನ ಮೇಲೆ ಕೂರುವ ಮುಖವಾಡ. ನನಗೆ ಬರುವ ವಿದ್ಯೆ ಒಂದೇ, ಊದುವುದು.

ನಾನು ಹುಟ್ಟಿದ್ದು ಕಡಲಾಚೆಯ ಒಂದು ಕಾರ್ಖಾನೆಯಲ್ಲಿ. ಕೈಗವಸು ತೊಟ್ಟ ಹುಡುಗಿಯೊಬ್ಬಳು ನನ್ನ ಹೊಟ್ಟೆಯೊಳಗೆ ಪುಟ್ಟದೊಂದು ಗಾಳಿಚಕ್ರ ಕೂರಿಸಿ ಗುಂಡಿ ಒತ್ತಿದಳು. ನಾನು ಊದಿದೆ. ಅವಳ ಹಣೆಯ ಕೂದಲು ಹಾರಿತು. ಅವಳು ನಕ್ಕಳು. ನನ್ನ ಉಸಿರು ಕಂಡು ಮೊದಲು ನಕ್ಕವಳು ಅವಳೇ. ಆಮೇಲೆ ಬಹಳ ಕಾಲ ಯಾರೂ ನಗಲಿಲ್ಲ.

ಮೊದಲು ಸೇರಿದ್ದು ಹುಬ್ಬಳ್ಳಿಯ ಇನಾಮದಾರ ವಕೀಲರ ಮನೆ. ಹಗಲು ಅವರಷ್ಟು ಮೆತ್ತಗೆ ಮಾತಾಡುವವರಿಲ್ಲ. ನಿದ್ದೆಯಲ್ಲಿ ಅವರು ಹುಲಿ. ಕಣ್ಣು ಮುಚ್ಚಿದ ಸ್ವಲ್ಪ ಹೊತ್ತಿಗೇ ಮುಖವಾಡ ಕಿತ್ತು, ಕೊಳವೆಯನ್ನು ಹಾವಿನ ಬಾಲದಂತೆ ಹಿಡಿದು, ಗರಗರ ತಿರುಗಿಸಿ ನನ್ನನ್ನು ಗೋಡೆಗೆ ಅಪ್ಪಳಿಸುತ್ತಿದ್ದರು. ಬೆಳಗಾದರೆ, "ಇದನ್ನ ಯಾರು ಒಗದ್ರು?" ಎಂದು ಹೆಂಡತಿಯನ್ನೇ ಕೇಳುವರು. ಹಾಗೆ ಎಸೆದಾಗಲೇ ನನ್ನ ಬಲಪಕ್ಕೆ ಸೀಳಿದ್ದು. ಜೋರಾಗಿ ಊದಿದರೆ ಇವತ್ತಿಗೂ ಅಲ್ಲಿಂದ ಸಣ್ಣದೊಂದು ಸಿಳ್ಳು ಬರುತ್ತದೆ.

"ಇದು ನಮ್ಮನ್ಯಾಗ ಇದ್ರ ಒಂದಿನ ನನ್ನ ತಲೀ ಮ್ಯಾಲೇ ಬೀಳ್ತದ" ಎಂದು ವಕೀಲರ ಹೆಂಡತಿ ನನ್ನನ್ನು ಚೀಲಕ್ಕೆ ತುಂಬಿ ಅಂಗಡಿಗೆ ಮರಳಿಸಿದರು. ಅಂಗಡಿಯವನು ಸೀಳಿಗೆ ಟೇಪು ಸುತ್ತಿ ಬಾಗಲಕೋಟೆಯ ಒಂದು ಆಸ್ಪತ್ರೆಗೆ ಕಳಿಸಿದ. ಅಲ್ಲಿ ನನಗೆ ಯಮನಪ್ಪ ಸಿಕ್ಕ.

ಯಮನಪ್ಪ ಕುಸ್ತಿಯ ವಸ್ತಾದ. ಒಂದು ಕಾಲಕ್ಕೆ ಅವನು ಕಣಕ್ಕಿಳಿದು ತೊಡೆ ತಟ್ಟಿದರೆ ಎದುರಾಳಿಯ ಊರಿನವರು ಎದ್ದು ಬಸ್ಸು ಹುಡುಕುತ್ತಿದ್ದರಂತೆ. ವಯಸ್ಸಾದ ಮೇಲೆ ಮಂದಿಗೆ ಪಟ್ಟು ಕಲಿಸುತ್ತಿದ್ದ. ಅವನ ಕುತ್ತಿಗೆ ಎಂದರೆ ಕುತ್ತಿಗೆಯಲ್ಲ, ಬೇವಿನ ಬೊಡ್ಡೆ. ಆ ಬೊಡ್ಡೆಯೇ ಅವನ ವೈರಿ. ಮಲಗಿದೊಡನೆ ಒಳಗಿನ ಮಾಂಸವೆಲ್ಲ ಜಾರಿ ಗಂಟಲಿನ ಮೇಲೆ ಕೂರುತ್ತಿತ್ತು. ಉಸಿರು ನಿಲ್ಲುತ್ತಿತ್ತು. ಹೊರಗಿನ ಜನರಿಗೆ ಕೇಳುತ್ತಿದ್ದದ್ದು ಗೊರಕೆ ಮಾತ್ರ. "ಪೈಲ್ವಾನಂದು ಗೊರಕಿನೂ ಪೈಲ್ವಾನ" ಎಂದು ಅವರು ಹೆಮ್ಮೆಪಡುತ್ತಿದ್ದರು.

ಆಸ್ಪತ್ರೆಯ ಡಾಕ್ಟರಮ್ಮ ಮೈಸೂರು ಕಡೆಯವರು. "ನಿದ್ದೆ ಮಾಡುವಾಗಲೆಲ್ಲ ಇದನ್ನ ಹಾಕ್ಕೋಬೇಕು, ಗೊತ್ತಾಯ್ತಾ? ಹಗಲು ಹೊತ್ತು ನಿದ್ದೆ ಮಾಡೋ ಅಭ್ಯಾಸ ಇದೆಯಾ?" ಎಂದು ಕೇಳಿದರು.

"ಛೇ ಛೇ! ಹಗಲ ನಿದ್ದಿ ಮಾಡಾವ ಪೈಲ್ವಾನ ಹೆಂಗಾದಾನ್ರಿ? ನನ್ನ ತಾಲೀಮಿನ್ಯಾಗ ಹಗಲ ನಿದ್ದಿ ಮಾಡಿದವರಿಗೆ ಬೆವರ ಇಳಿಯೂಮಟ ಬೈಠಕ್ ಹೊಡಸ್ತೀನ್ರಿ ನಾ."

ಅವನು ಸುಳ್ಳು ಹೇಳಲಿಲ್ಲ. ಆ ಸೀಮೆಯಲ್ಲಿ ಮಧ್ಯಾಹ್ನ ರೊಟ್ಟಿ ಉಂಡ ಮೇಲೆ ಹೊರಸಿನ ಮೇಲೆ ಮೈ ಚಾಚುವುದಕ್ಕೆ ನಿದ್ದೆ ಎಂದು ಯಾರೂ ಅನ್ನುವುದಿಲ್ಲ. ಅದು ಅಡ್ಡಾಗುವುದು. ನಿದ್ದೆ ಸೋಮಾರಿಗಳದು, ಅಡ್ಡಾಗುವುದು ದುಡಿದವರದು. ಡಾಕ್ಟರಮ್ಮನಿಗೆ ಆ ಮಾತು ಗೊತ್ತಿರಲಿಲ್ಲ. ಯಮನಪ್ಪನಿಗೆ ಬೇರೆ ಮಾತು ಗೊತ್ತಿರಲಿಲ್ಲ. ಎಲ್ಲ ಕೇಡೂ ಆ ಎರಡು ಮಾತುಗಳ ಸಂದಿಯಲ್ಲಿ ಬಂದು ಕೂತಿತು.

ತಾಲೀಮಿನ ಹಿಂದಿನ ಕೋಣೆಯೇ ಅವನ ಸಂಸಾರ. ಹೆಂಡತಿ ತಂಗೆವ್ವ, ಮಗಳು ಶಿವಲೀಲಾ, ಎಲ್ಲರ ಬಾಯಲ್ಲಿ ಲೀಲಾ. ಹೊರಸಿನ ತಲೆದೆಸೆಗೆ ಗೋಡೆಯಲ್ಲಿ ಗೂಡಿನಂತಿದ್ದ ಮಾಡಿನಲ್ಲಿ ನನ್ನನ್ನು ಕೂರಿಸಿದರು. ಮುಖವಾಡ ತೊಟ್ಟ ವಸ್ತಾದನನ್ನು ನೋಡಿ ತಾಲೀಮಿನವರು, "ಹಣಮಪ್ಪನ ಗುಡಿಗೆ ಗಣಪ್ಪ ಬಂದಾನಲೇ!" ಎಂದು ಬಿದ್ದು ಬಿದ್ದು ನಕ್ಕರು. ತಂಗೆವ್ವ ನಗಲಿಲ್ಲ. ನನಗೆ ಕುಂಕುಮ ಇಟ್ಟು ಮಗಳಿಗೆ ಹೇಳಿದಳು: "ಕಥಿಯೊಳಗ ರಾಕ್ಷಸನ ಜೀವ ಗಿಳಿಯಾಗ ಇರ್ತಿತ್ತಲ್ಲವಾ, ಹಂಗ ನಿಮ್ಮಪ್ಪನ ಜೀವ ಈ ಡಬ್ಬಿಯಾಗ ಐತಿ. ಧೂಳ ಬಡೀದಂಗ ನೋಡ್ಕೋ."

"ಗಿಳಿ ಕುತ್ಗಿ ಹಿಚುಕಿದ್ರ ರಾಕ್ಷಸ ಸಾಯ್ತಾನಲ್ಲಬೇ?"

"ಹೌದು. ಅದಕ್ಕ ನಿಮ್ಮಪ್ಪ ಸಿಟ್ಟಿಗೆದ್ದಾಗ ಇದರ ಹಂತ್ಯಾಕ ಬಿಡಬ್ಯಾಡ."

ರಾತ್ರಿಗಳನ್ನು ನಾನು ನೋಡಿಕೊಂಡೆ. ಬೆರಳಿಲ್ಲದ ಕೈಯೊಂದು ಗಂಟಲು ಅಮುಕಲು ಬರುತ್ತಿತ್ತು, ನಾನು ಒಳಗೆ ಗಾಳಿಯ ಕಂಬ ನೆಟ್ಟು ಬಾಗಿಲು ಮುಚ್ಚದಂತೆ ಹಿಡಿಯುತ್ತಿದ್ದೆ. ಅದು ನೂಕುವುದು, ನಾನು ಊದುವುದು. ಬೆಳಗಿನ ಕೋಳಿ ಕೂಗುವ ಹೊತ್ತಿಗೆ ಅದು ಸೋತು ಹೋಗುತ್ತಿತ್ತು. ಯಮನಪ್ಪ ಹಗುರಾಗಿ ಏಳುತ್ತಿದ್ದ. ಬೆಳಗಿನ ತಾಲೀಮಿನಲ್ಲಿ ಅವನ ಬೆತ್ತ ಗೋಡೆಗೇ ಒರಗಿರುತ್ತಿತ್ತು.

ಆಗೆಲ್ಲ ಅವನು ಲೀಲಾಳಿಗೆ ಪಟ್ಟು ಕಲಿಸುವುದನ್ನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಕೆಂಪು ಮಣ್ಣಿನಲ್ಲಿ ತಂದೆ ಮಗಳು ಎರಡು ಟಗರುಗಳಂತೆ ಹಣೆಗೆ ಹಣೆ ಕೊಟ್ಟು ನಿಲ್ಲುತ್ತಿದ್ದರು. ಆ ತಾಲೀಮಿಗೆ ಒಂದು ಕಟ್ಟಳೆ ಇತ್ತು. ಪಟ್ಟಿನಲ್ಲಿ ಸಿಕ್ಕವರು ತಾಳಲಾರದೆ ಅಂಗೈಯಿಂದ ನೆಲಕ್ಕೆ ಬಡಿದರೆ ಹಿಡಿದವರು ಆ ಕ್ಷಣವೇ ಕೈ ಬಿಡಬೇಕು. "ಬಡದದ್ದು ಕೇಳಿ ಬಿಡದಿದ್ದವ ಪೈಲ್ವಾನ ಅಲ್ಲ, ಕಟುಗ. ಅಂಥಾವ ಮತ್ತ ಈ ಮಣ್ಣ ಮುಟ್ಟಬಾರದು" ಎಂದು ಯಮನಪ್ಪ ದಿನವೂ ಹೇಳುತ್ತಿದ್ದ. ಲೀಲಾ ಎಷ್ಟೋ ಸಲ ನೆಲ ಬಡಿದಳು. ಅವನು ಪ್ರತಿ ಸಲವೂ ಬಿಟ್ಟ.

ಆದರೆ ಮಧ್ಯಾಹ್ನಗಳು ನನ್ನವಾಗಿರಲಿಲ್ಲ. ಉಂಡು ಕೈ ತೊಳೆದು, "ಸ್ವಲ್ಪ ಅಡ್ಡಾಗ್ತೀನಿ" ಎಂದು ಅವನು ಹೊರಸು ಸೇರುತ್ತಿದ್ದ. ನಾನು ಕೈಯಳತೆಯಲ್ಲೇ ಕೂತಿರುತ್ತಿದ್ದೆ. ನನ್ನತ್ತ ಅವನ ಕೈ ಬರುತ್ತಿರಲಿಲ್ಲ. ಮೊದಲು ಗೊರಕೆ. ಅದು ಏರುತ್ತ ಏರುತ್ತ ಗರಗಸವಾಗುತ್ತಿತ್ತು. ಆಮೇಲೆ ತಟ್ಟನೆ ಮೌನ. ಒಲೆಯ ಮುಂದಿನ ತಂಗೆವ್ವ "ಈಗ ಹಗರಾತು ನೋಡು" ಅನ್ನುತ್ತಿದ್ದಳು. ಹಗುರವಲ್ಲ, ಅದು ಕೊಲೆಯ ಹೊತ್ತು. ಮುಚ್ಚಿದ ಗಂಟಲಿನ ಮೇಲೆ ಎದೆ ಡಿಕ್ಕಿ ಹೊಡೆಯುತ್ತಿತ್ತು, ಬಾಗಿಲು ಒಡೆಯಲು ಬಂದ ಗೂಳಿಯಂತೆ. ಹೊಟ್ಟೆ ಒಳಕ್ಕೆ ಸೇದಿಕೊಳ್ಳುತ್ತಿತ್ತು. ಕತ್ತಿನ ನರಗಳು ಹಗ್ಗದಂತೆ ಎದ್ದು, ತುಟಿ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿ, ಹಿಮ್ಮಡಿಗಳು ಹೊರಸಿನ ಕಾಲಿಗೆ ದಬದಬ ಬಡಿಯುತ್ತಿದ್ದವು. ಕೊನೆಗೆ, ಮುಳುಗಿದ ಕೋಣ ಮಡುವಿನಿಂದ ತಲೆ ಎತ್ತಿದ ಹಾಗೆ ಒಂದು ಭಯಂಕರ ಉಸಿರು. ಅರೆಗಳಿಗೆ ಬಿಡುವು. ಮತ್ತೆ ಆ ಕೈ ಬರುತ್ತಿತ್ತು.

ಎದ್ದಾಗ ಅವನ ಕಣ್ಣು ಕಣದ ಮಣ್ಣಿಗಿಂತ ಕೆಂಪು. ತಲೆಯೊಳಗೆ ಯಾರೋ ಸುತ್ತಿಗೆ ಬಡಿಯುತ್ತಿದ್ದಾರೆ ಎಂದು ಒರಲುತ್ತಿದ್ದ. ಬೆಳಿಗ್ಗೆ ಗೋಡೆಗೊರಗಿದ್ದ ಬೆತ್ತ ಸಂಜೆಯ ತಾಲೀಮಿನಲ್ಲಿ ಬೆನ್ನುಗಳ ಮೇಲೆ ಮುರಿಯುತ್ತಿತ್ತು. ಒಂದು ದಿನ ಚಹಾ ತಡವಾಯಿತೆಂದು ತಂಬಿಗೆ ಎಸೆದ. ತಂಗೆವ್ವನ ಹುಬ್ಬು ಒಡೆದು ರಕ್ತ ಕೆನ್ನೆಗಿಳಿಯಿತು. "ತುಪ್ಪ ಭಾಳ ಆಗಿ ಕಾವ ಏರೈತಿ" ಎಂದು ಅವಳು ಅರಿಶಿನ ಒತ್ತಿಕೊಂಡಳು. ಬೆಳಗಿನ ಯಮನಪ್ಪ ಬೇರೆ, ಸಂಜೆಯ ಯಮನಪ್ಪ ಬೇರೆ ಎಂದು ಎಲ್ಲರಿಗೂ ಗೊತ್ತಿತ್ತು. ನಡುವೆ ಏನಾಗುತ್ತದೆ ಎಂಬುದು ನನಗೊಬ್ಬನಿಗೇ ಗೊತ್ತು. ಆದರೆ ಗುಂಡಿ ಒತ್ತದೆ ನನಗೆ ಬಾಯಿಲ್ಲ.

ಲೀಲಾಳ ಹೆಸರು ರಾಜ್ಯ ತಂಡದ ಆಯ್ಕೆ ಕುಸ್ತಿಗೆ ಬಂತು. ಕುಸ್ತಿ ಧಾರವಾಡದಲ್ಲಿ. ತಂದೆ ಮಗಳು ಹೊರಡುವ ದಿನ ಕರೆದೊಯ್ಯುವ ಜೀಪು ಹೇಳಿದ ಹೊತ್ತಿಗಿಂತ ಮುಂಚೆಯೇ ಬಾಗಿಲಿಗೆ ಬಂದು ಹಾರ್ನು ಬಾರಿಸಿತು. ಯಮನಪ್ಪ ಅಡ್ಡಾಗಿದ್ದ.

"ಎಬ್ಬಸಬ್ಯಾಡವಾ. ಈಗರ ಅಡ್ಡಾಗ್ಯಾರ" ಎಂದು ತಂಗೆವ್ವ ರೊಟ್ಟಿ ಗಂಟು ಕಟ್ಟುತ್ತ ಹೇಳಿದಳು.

"ಜೀಪ್ ನಿಂತೈತಬೇ!" ಎನ್ನುತ್ತ ಲೀಲಾ ಒಳಗೆ ಬಂದಳು. ಬಂದವಳು ನಿಂತುಬಿಟ್ಟಳು. ಅಪ್ಪನ ಮುಖ ಕಪ್ಪಿಟ್ಟಿತ್ತು. ಎದೆ ಮೇಲೆ ಕೆಳಗೆ ಹಾರುತ್ತಿತ್ತು, ಆದರೆ ಮೂಗಿನಲ್ಲಿ ಗಾಳಿಯಿಲ್ಲ. "ಅಪ್ಪಾ!" ಎಂದು ಚೀರಿ ಅವನ ಎರಡೂ ಭುಜ ಹಿಡಿದು ಅಲುಗಿಸಿದಳು.

ಅವನು ಎದ್ದ. ಎದ್ದದ್ದು ಮೈ ಮಾತ್ರ. ಒಳಗಿನ ಮನುಷ್ಯ ಇನ್ನೂ ಆ ಬೆರಳಿಲ್ಲದ ಕೈಯ ಕೆಳಗೇ ಬಿದ್ದಿದ್ದ. ತನ್ನ ಎದೆಯ ಮೇಲೆ ಕೂತು ಕುತ್ತಿಗೆ ಹಿಚುಕುತ್ತಿರುವ ವೈರಿ ಈ ಭುಜ ಹಿಡಿದವನೇ ಎಂದು ಅವನ ತೋಳುಗಳು ತಿಳಿದವು. ಒಂದು ಗರ್ಜನೆ. ಲೀಲಾ ಗಾಳಿಯಲ್ಲಿ ತಿರುಗಿ ಸಾರಿಸಿದ ನೆಲಕ್ಕೆ ಬೆನ್ನು ಕೊಟ್ಟು ಬಿದ್ದಳು. ಅವಳ ಕಾಲು ತಗುಲಿ ನಾನೂ ಮಾಡಿನಿಂದ ಉರುಳಿ ಅವಳ ಮುಖದ ಪಕ್ಕದಲ್ಲೇ ಬಿದ್ದೆ. ಅವನು ಅವಳನ್ನು ಬೋರಲು ಹಾಕಿ, ಬೆನ್ನ ಮೇಲೆ ಮಂಡಿಯೂರಿ, ಬಲಗೈಯನ್ನು ಹಿಂದಕ್ಕೆ ತಿರುವಿದ.

ಅವಳು ಎಡಗೈಯಿಂದ ನೆಲ ಬಡಿದಳು. ಒಂದು ಸಲ. ಮತ್ತೆ ಮತ್ತೆ. ನನ್ನ ಸೀಳಿದ ಪಕ್ಕೆಗೆ ಆ ಏಟುಗಳು ನೆಲದಿಂದಲೇ ತಾಗುತ್ತಿದ್ದವು. ಅವನು ಬಿಡಲಿಲ್ಲ. ಒಣ ಕಟ್ಟಿಗೆ ಮುರಿದಂಥ ಒಂದು ಸದ್ದಾಯಿತು. ಅವಳ ಅಂಗೈ ನೆಲದ ಮೇಲೆ ಹಾಗೇ ಅಗಲವಾಗಿ ನಿಂತುಹೋಯಿತು.

ತಂಗೆವ್ವ ತುಂಬಿದ ಕೊಡವನ್ನೇ ತಂದು ಅವನ ತಲೆಯ ಮೇಲೆ ಸುರಿದಳು. ಖಾಲಿ ಕೊಡದಿಂದ ಬೆನ್ನಿಗೆ ಬಡಿಯುತ್ತ ಕೂಗಿದಳು: "ಬಿಡೋ! ನಿನ್ನ ಮಗಳೋ! ನಿನ್ನ ಮಗಳ ಅದಾಳೋ ಅಕಿ!" ಅಷ್ಟು ವರ್ಷದ ಸಂಸಾರದಲ್ಲಿ ಅವಳು ಗಂಡನನ್ನು ಏಕವಚನದಲ್ಲಿ ಕರೆದದ್ದು ಅದೊಂದೇ ಸಲ. ಯಮನಪ್ಪ ಕಣ್ಣು ಮಿಟುಕಿಸಿದ. ತನ್ನ ಕೈಯಲ್ಲಿರುವುದು ಯಾರ ಕೈ ಎಂದು ನೋಡಿದ.

ಆಮೇಲೆ ಅವನಿಂದ ಹೊರಟ ಸದ್ದು ಗೊರಕೆಯೂ ಅಲ್ಲ, ಅಳುವೂ ಅಲ್ಲ.

ಜೀಪು ಧಾರವಾಡದ ಬದಲು ಆಸ್ಪತ್ರೆಗೆ ಓಡಿತು. ಭುಜದ ಕೀಲು ತಪ್ಪಿ ಎಲುಬು ಸೀಳಿತ್ತು. ಆಯ್ಕೆ ಕುಸ್ತಿ ಲೀಲಾಳನ್ನು ಬಿಟ್ಟು ನಡೆದುಹೋಯಿತು. ಯಮನಪ್ಪ ತಾಲೀಮಿನ ಮಣ್ಣಿಗೆ ಕಾಲಿಡಲಿಲ್ಲ. ಕಟ್ಟಳೆ ಅವನದೇ. ಮಗಳ ಹತ್ತಿರ ಸುಳಿಯಲಿಲ್ಲ. ಅವಳು ನೀರು ಕೇಳಿದರೂ ತಂಬಿಗೆಯನ್ನು ಹೊಸ್ತಿಲ ಮೇಲಿಟ್ಟು ಹಿಂದೆ ಸರಿಯುತ್ತಿದ್ದ. ಇನ್ನು ಮಲಗುವುದೇ ಇಲ್ಲ ಎಂದು ಹಟ ಹಿಡಿದು ಗೋಡೆಗೊರಗಿ ಕೂತ. ತೂಕಡಿಕೆ ಬಂದರೆ ತನ್ನ ತೊಡೆಯನ್ನೇ ಗುದ್ದಿಕೊಳ್ಳುತ್ತಿದ್ದ, ಹಿಂದಲೆಯನ್ನು ಗೋಡೆಗೆ ಚಚ್ಚಿಕೊಳ್ಳುತ್ತಿದ್ದ. ಗೋಡೆಯ ಸುಣ್ಣದ ಮೇಲೆ ಕೆಂಪು ಕಲೆ ಮೂಡಿತು. ಹಾಗೂ ನಿದ್ದೆ ಬರುತ್ತಿತ್ತು, ಕೂತಲ್ಲೇ ಗಂಟಲು ಕಟ್ಟುತ್ತಿತ್ತು.

ಒಂದು ಮುಂಜಾನೆ ಅವನ ಕಣ್ಣು ನನ್ನ ಮೇಲೆ ಬಿತ್ತು.

"ಇದು ಬಂದ ಮ್ಯಾಲೇ ನನ್ನ ತಲಿ ಕೆಟ್ಟಿದ್ದು!" ಎಂದು ಎರಡೂ ಕೈಯಲ್ಲಿ ನನ್ನನ್ನು ತಲೆಯ ಮೇಲಕ್ಕೆತ್ತಿದ. ಕೆಳಗೆ ಜೋಳ ಕುಟ್ಟುವ ಒರಳು ಕಲ್ಲು. ಗಿಳಿಯ ಕುತ್ತಿಗೆ ರಾಕ್ಷಸನ ಕೈಗೇ ಸಿಕ್ಕಿತಲ್ಲ ಎಂದುಕೊಂಡೆ.

"ಅಪ್ಪಾ," ಎಂದಳು ಲೀಲಾ. ಬಾಗಿಲಲ್ಲಿ ನಿಂತಿದ್ದಳು, ಬಲಗೈ ಕೊರಳಿಗೆ ಕಟ್ಟಿತ್ತು. "ಅದನ್ನ ಒಡಿಯೂಕಿಂತ ಮೊದಲ ಒಂದ್ ಮಾತ ಹೇಳು. ಆ ದಿನ ನೀ ನಿದ್ದ್ಯಾಗ ಇದನ್ನ ಹಾಕ್ಕೊಂಡಿದ್ದೇನು?"

"ನಾ ಎಲ್ಲಿ ನಿದ್ದಿ ಮಾಡೀನಿ? ಅಡ್ಡಾಗಿದ್ದೆ."

ಆ ಮಾತು ಕೋಣೆಯಲ್ಲಿ ಬಿದ್ದು ಉರುಳಿತು. ಲೀಲಾ ಅಪ್ಪನನ್ನೇ ನೋಡಿದಳು, ನಂತರ ನನ್ನನ್ನು ನೋಡಿದಳು. ಅವಳ ಮುಖದಲ್ಲಿ ಏನೋ ಬಿಚ್ಚಿಕೊಂಡಿತು.

"ಹೌದಾ? ನಿದ್ದಿ ಬ್ಯಾರೆ, ಅಡ್ಡಾಗೂದು ಬ್ಯಾರೆ ಅಂತ ನಿನ್ನ ಗಂಟಲಕ್ಕ ಯಾರ ಹೇಳ್ಯಾರಪ್ಪಾ?"

ಅವನ ಕೈಗಳು ಮೇಲೆಯೇ ನಿಂತವು.

"ಮುಂಜಾನಿ ನೀ ದೇವರಂಥಾವ. ಅಡ್ಡಾಗಿ ಎದ್ರ ಯಮ. ನಾವು ತುಪ್ಪ ಅಂದ್ವಿ, ಪಿತ್ತ ಅಂದ್ವಿ. ಉಸಿರು ಅನ್ಲಿಲ್ಲ."

"ಲೀಲವ್ವಾ, ನೀ ನೆಲ ಬಡದಿ. ನಾ ಬಿಡ್ಲಿಲ್ಲ. ಕಟುಗ ನಾ."

"ಕೇಳಿ ಬಿಡದಾವ ಕಟುಗ ಅಂತ ಕಟ್ಟಳಿ ಐತಿ. ನಿನಗ ಕೇಳೇ ಇಲ್ಲ. ಕೇಳೂವಂಗರ ಮಾಡ್ಕೋ."

ಅವನು ನನ್ನನ್ನು ಇಳಿಸಿದ. ಮಾಡಿನಲ್ಲಲ್ಲ, ತನ್ನ ತೊಡೆಯ ಮೇಲೆ.

ಆ ಮಧ್ಯಾಹ್ನ ಲೀಲಾ ಎಡಗೈ ಒಂದರಿಂದಲೇ ಮುಖವಾಡದ ಪಟ್ಟಿ ಎಳೆದು ಕಟ್ಟಿದಳು. ಗುಂಡಿ ಒತ್ತಿದಳು. "ದೂರ ಹೋಗವಾ" ಎಂದು ಅವನು ಮುಖವಾಡದೊಳಗಿಂದ ಬೇಡಿಕೊಂಡ. ಅವಳು ಹೋಗಲಿಲ್ಲ. ಅವನ ತೋಳಿಗೆ ಸಿಗುವಷ್ಟು ಹತ್ತಿರ, ಹೊರಸಿನ ಅಂಚಿನಲ್ಲಿ ಕೂತಳು. ನಾನು ನನ್ನ ಸೀಳು ಪಕ್ಕೆಯಿಂದ ಸಿಳ್ಳು ಹಾಕುತ್ತ, ಇದ್ದಬದ್ದ ಬಲವೆಲ್ಲ ಹಾಕಿ ಊದಿದೆ. ಬೆರಳಿಲ್ಲದ ಕೈ ಬಂತು, ನೂಕಿತು, ಹಿಂದೆ ಸರಿಯಿತು. ಹಿಮ್ಮಡಿಗಳು ಬಡಿಯಲಿಲ್ಲ. ತುಟಿ ತುಟಿಯ ಬಣ್ಣದಲ್ಲೇ ಇತ್ತು. ಸಂಜೆ ಎದ್ದು ಅವನು ಬೆತ್ತ ಹುಡುಕಲಿಲ್ಲ, ಚಹಾ ಕೇಳಿದ. "ಗಣಪ್ಪನ ಸಿಳ್ಳ ಕೇಳಿ ತಾಲೀಮಿನವರು ಕುಕ್ಕರ್ ಕೂಗೇತಿ ಅಂತ ತಾಟ ಹಿಡಕೊಂಡ ಬಂದಿದ್ರು" ಎಂದು ಲೀಲಾ ಹೇಳಿದಳು. ತಂಗೆವ್ವ ಒಡೆದ ಹುಬ್ಬನ್ನು ಮುಟ್ಟಿಕೊಂಡು ನಕ್ಕಳು. ಕಾರ್ಖಾನೆಯ ಹುಡುಗಿಯ ನಂತರ ನನ್ನ ಉಸಿರಿಗೆ ನಕ್ಕವಳು ಅವಳೇ.

ಇದೆಲ್ಲ ಆಗಿ ಕಾಲ ಕಳೆದಿದೆ. ನನ್ನ ಗಾಳಿಚಕ್ರ ಸವೆದಿದೆ. ರಾತ್ರಿಯ ಕೆಲಸಕ್ಕೆ ಹೊಸ ಯಂತ್ರ ಬಂದಿದೆ, ಸದ್ದೇ ಮಾಡದ ಜಾಣ. ನನ್ನನ್ನು ಗುಜರಿಗೆ ಹಾಕಲು ತಂಗೆವ್ವ ಬಿಡಲಿಲ್ಲ. "ಇದು ಅಡ್ಡಾಗೂ ಗಣಪ್ಪ" ಎಂದು ಹೊರಸಿನ ತಲೆದೆಸೆಯಲ್ಲೇ ಇಟ್ಟಿದ್ದಾಳೆ. ಮುದುಕನಿಗೆ ಮುದುಕ ಜೊತೆ.

ಎಲ್ಲವೂ ಸರಿಹೋಯಿತು ಎಂದು ಹೇಳಿದರೆ ಅದು ಅಜ್ಜಿಕಥೆಯಾದೀತು. ಲೀಲಾಳ ಬಲಗೈ ಕಿವಿಗಿಂತ ಮೇಲೆ ಏಳಲೇ ಇಲ್ಲ. ಅವಳು ರಾಜ್ಯದ ಕಣ ಕಾಣಲಿಲ್ಲ. ಈಗ ಅವಳೇ ವಸ್ತಾದಿ. ಮಧ್ಯಾಹ್ನ ಶಾಲೆ ಬಿಟ್ಟು ಬಂದ ಹುಡುಗಿಯರಿಗೆ ಎಡಗೈಯಿಂದಲೇ ಪಟ್ಟು ತೋರಿಸುತ್ತಾಳೆ. ಯಮನಪ್ಪ ಅಡ್ಡಾಗಿ ಎದ್ದ ಮೇಲೆ ಕಣದ ಅಂಚಿನವರೆಗೆ ಬರುತ್ತಾನೆ, ಮಣ್ಣು ಮುಟ್ಟುವುದಿಲ್ಲ. "ನಿನ್ನ ಕಟ್ಟಳಿ ನಾ ಬಿಟ್ಟೀನಪ್ಪಾ" ಎಂದು ಅವಳೆಂದರೂ, "ನಾ ಬಿಟ್ಟಿಲ್ಲವಾ" ಅನ್ನುತ್ತಾನೆ.

ಅವನು ಅಡ್ಡಾಗುವ ಹೊತ್ತೂ ಅವಳ ತಾಲೀಮಿನ ಹೊತ್ತೂ ಒಂದೇ. ನಾನು ಊದುತ್ತಿರುತ್ತೇನೆ. ಅವನು ಗಾಢ ನಿದ್ದೆಯಲ್ಲಿರುತ್ತಾನೆ, ನಾನಾದರೂ ಅದನ್ನು ನಿದ್ದೆ ಎಂದೇ ಕರೆಯುತ್ತೇನೆ. ಗೋಡೆಯಾಚೆ ಯಾವುದೋ ಹುಡುಗಿ ಪಟ್ಟಿನಲ್ಲಿ ಸಿಕ್ಕು ಅಂಗೈಯಿಂದ ಮಣ್ಣಿಗೆ ಬಡಿಯುತ್ತಾಳೆ. ಆಗ ಇಲ್ಲಿ ಹೊರಸಿನ ಮೇಲೆ, ಕಣ್ಣು ತೆರೆಯದೆ, ಉಸಿರು ತಪ್ಪದೆ, ಯಮನಪ್ಪನ ಮುಷ್ಟಿ ತಾನೇ ಬಿಚ್ಚಿಕೊಳ್ಳುತ್ತದೆ.