ಕುದಿಸಿ ಆರಿಸಿದ ನೀರು

ನಾನು ಕಂದು ಗಾಜಿನ ಬಾಟಲಿ. ಕುಲುಮೆಯಲ್ಲಿ ಹುಟ್ಟಿದವಳು. ನನ್ನ ಜೊತೆಯವರು ಕೆಮ್ಮಿನ ಔಷಧಿ ತುಂಬಿಕೊಂಡು ಊರೂರಿಗೆ ಹೋದರು. ನಾನು ನೀರು ಪರೀಕ್ಷಿಸುವ ಪ್ರಯೋಗಾಲಯಕ್ಕೆ ಬಂದೆ. ಅಲ್ಲಿನ ನಸ್ರೀನ್ ಮೇಡಂ ನನ್ನನ್ನು ಎಳೆಗೂಸಿನಂತೆ ತೊಳೆದು, ಬೋರಲು ಹಾಕಿ ಒಣಗಿಸುತ್ತಿದ್ದರು.

ಒಂದು ದಿನ ನನ್ನನ್ನು ಶಂಕ್ರವ್ವನ ಕೈಗಿತ್ತರು. ಲೋಹಕ್ಕೆ ಹೊಳಪು ಕೊಡುವ ಕಾರ್ಖಾನೆಗಳ ಹಿಂದಿನ ಓಣಿ ಅವಳದು. ಪುಟ್ಟ ಮಗಳು ಭಾಗ್ಯಳ ಮೈತುಂಬ ಹುಣ್ಣು. ತಾಯಿಗೆ, ನಲ್ಲಿಯಲ್ಲಿ ಬರುವ ಕೊಳವೆಬಾವಿಯ ನೀರಿನ ಮೇಲೆಯೇ ಅನುಮಾನ. ದೂರು ಒಯ್ದಾಗಲೆಲ್ಲ ನೀರು ಸರಬರಾಜಿನ ಸಾಹೇಬರು, ಕುದಿಸಿ ಬಳಸಿರಿ ಎಂದು ಹೇಳಿ ಕಳಿಸುತ್ತಿದ್ದರು.

ನಲ್ಲಿಗೆ ನೇರವಾಗಿ ಹಿಡಿದು ತುಂಬಬೇಕೆಂದು ಮೇಡಂ ಹೇಳಿದ್ದರು. ಆದರೆ ಹೊರಗಿನವರ ಕೈಗೆ ಹೋಗುವ ನೀರನ್ನು ಹಾಗೆಯೇ ಕಳಿಸಲು ಶಂಕ್ರವ್ವನಿಗೆ ಮನಸ್ಸಾಗಲಿಲ್ಲ. ಧೋತರದ ಅರಿವೆಯಲ್ಲಿ ಸೋಸಿ, ಕುದಿಸಿ, ಆರಿಸಿ ನನಗೆ ತುಂಬಿದಳು.

ಅದನ್ನು ಕೇಳಿ ಮೇಡಂ ಹಣೆ ಬಡಿದುಕೊಂಡರು.

"ಹೊಲಸು ನೀರ ಹೆಂಗ ಕೊಡೂದ್ರಿ ಬಾಯಾರ? ಮನಿತನದ ಮರ್ಯಾದಿ ಇರ್ತದಲ್ಲ," ಎಂದಳು ಶಂಕ್ರವ್ವ.

ಮೇಡಂ ನಕ್ಕು, ಇನ್ನೊಂದು ಬಾಟಲಿ ಒಯ್ದು ತಾವೇ ನಲ್ಲಿಗೆ ಹಿಡಿದು ತಂದರು. ಎರಡನ್ನೂ ಪರೀಕ್ಷಿಸಿದರು. ಎರಡರಲ್ಲೂ ಕಾರ್ಖಾನೆಯ ಕ್ರೋಮಿಯಂ ಎಂಬ ವಿಷಲೋಹ ಇತ್ತು. ನನ್ನಲ್ಲಿ ತುಸು ಹೆಚ್ಚೇ. ಕುದಿಸಿದರೆ ನೀರು ಆವಿಯಾಗುತ್ತದೆ, ಲೋಹ ಉಳಿಯುತ್ತದೆ.

ಅರ್ಧ ನೀರು ನನ್ನಲ್ಲೇ ಇತ್ತು. ಶಂಕ್ರವ್ವ ನನ್ನನ್ನು ಸೆರಗಿನಲ್ಲಿ ಹಿಡಿದು, ಓಣಿಯ ಹೆಂಗಸರೊಡನೆ ಸಾಹೇಬರ ಕಚೇರಿಗೆ ನಡೆದಳು. ಸಾಹೇಬರು ಎಂದಿನ ಮಾತು ತೆಗೆದರು. ಅವಳು ನನ್ನನ್ನು ಮೇಜಿನ ಮೇಲಿಟ್ಟಳು.

"ನೀವ ಹೇಳಿದಂಗ ಕುದಿಸೀನ್ರಿ ಸಾಹೇಬ್ರ. ಸೋಸೀನಿ. ನನ್ನ ಕೂಸಿಗೆ ದಿನಾ ಇದನ್ನ ಕುಡಿಸೀನಿ. ತಗೋರಿ, ನೀವೂ ಒಂದ್ ಗುಟುಕು ಕುಡೀರಿ."

ಸಾಹೇಬರು ನನ್ನನ್ನು ಮುಟ್ಟಲಿಲ್ಲ.

"ಆರೇತ್ರಿ, ಬಾಯಿ ಸುಡೂದಿಲ್ಲ," ಎಂದಳು ಹಿಂದೆ ನಿಂತಿದ್ದ ಮುದುಕಿ.

ಹೆಂಗಸರು ಯಾರೂ ಅಲ್ಲಿಂದ ಕದಲಲಿಲ್ಲ. ಕೊನೆಗೆ ಸಾಹೇಬರು ಫೋನು ಎತ್ತಿ ಆ ನಲ್ಲಿಗಳನ್ನು ಬಂದ್ ಮಾಡಿಸಿದರು. ಸಂಜೆಗೆ ಓಣಿಗೆ ದೂರದ ಕೆರೆಯ ನೀರಿನ ಟ್ಯಾಂಕರ್ ಬಂತು. ಭಾಗ್ಯಳ ಹುಣ್ಣುಗಳು ಮೆಲ್ಲಗೆ ಒಣಗತೊಡಗಿದವು.

ಆಮೇಲೆ ಕಚೇರಿಯ ಜವಾನ ನನ್ನನ್ನು ಕೇಳಿಕೊಂಡು ಬಂದ. ಸಾಕ್ಷಿ ಕೈತಪ್ಪೀತೆಂದು ಶಂಕ್ರವ್ವ ಕೊಡಲಿಲ್ಲ. ನನಗೀಗ ವಯಸ್ಸಾಗಿದೆ, ಅಂಚಿನ ಚಕ್ಕೆ ಎದ್ದಿದೆ, ಪ್ರಯೋಗಾಲಯಕ್ಕೆ ನಾನು ಬೇಡ. ಶಂಕ್ರವ್ವನ ಮನೆಗೋಡೆಯ ಗೂಡಿನಲ್ಲಿ, ಭಾಗ್ಯಳ ಕೈಗೆಟುಕದ ಎತ್ತರದಲ್ಲಿ, ಆ ಅರ್ಧ ನೀರಿನೊಡನೆ ಕುಳಿತಿದ್ದೇನೆ. ಕಾರ್ಖಾನೆಯ ಮೋರಿಯ ಹೊಲಸು ಇನ್ನೂ ನೆಲಕ್ಕೆ ಇಳಿಯುತ್ತಲೇ ಇದೆ. ಅದು ನಿಲ್ಲುವವರೆಗೆ ನಾನೂ ಬರಿದಾಗುವುದಿಲ್ಲ. ನೀರು ಚೆನ್ನಾಗಿದೆ ಎನ್ನುವವರು ಯಾರೇ ಬರಲಿ, ಲೋಟವನ್ನು ಅವರೇ ತರಲಿ.