ಕೈ ನಿಧಾನದವರು

ಅದು ಮೆಟ್ಟಿಲ ಕೆಳಗಿನ ಕೋಣೆ. ಆ ಕಟ್ಟಡದಲ್ಲಿ ಯಾರು ಹತ್ತಿದರೂ ಯಾರು ಇಳಿದರೂ ಸಿಮೆಂಟಿನ ಪುಡಿ ಅತ್ತೆಯ ತಟ್ಟೆಗೆ ಉದುರುತ್ತಿತ್ತು. ಒಳಗೆ ನೆಟ್ಟಗೆ ನಿಲ್ಲುವ ಹಾಗಿರಲಿಲ್ಲ. ಸೊಸೆ ಬಾಗಿಯೇ ಬರುತ್ತಿದ್ದಳು, ಬಾಗಿಯೇ ಸ್ಟೌ ಹಚ್ಚುತ್ತಿದ್ದಳು. ಪಾಯಿಖಾನೆಯ ಕೊಳವೆ ಆ ಕೋಣೆಯ ಗೋಡೆಯೊಳಗೇ ಇಳಿದಿತ್ತು. ಮೇಲೆ ಯಾರಾದರೂ ನೀರು ಬಿಟ್ಟರೆ ಕೆಳಗೆ ಗೋಡೆ ಗುಡುಗುತ್ತಿತ್ತು.

"ಮೇಲಿನವರ ಹೊಟ್ಟೆ ಯಾಕೋ ಸರಿಯಿಲ್ಲ ಕಣೇ," ಎನ್ನುತ್ತಿದ್ದಳು ಅತ್ತೆ. "ಉಂಡವರಿಗೆ ತಾನೆ ಆ ಕಷ್ಟ. ನಮಗೇನು ಬಿಡು."

ಆ ಸಂಸಾರದಲ್ಲಿ ಉಳಿದದ್ದು ಇವರಿಬ್ಬರೇ. ಒಬ್ಬಳಿಗೆ ಮಗ, ಇನ್ನೊಬ್ಬಳಿಗೆ ಗಂಡ ಆಗಿದ್ದವನು ಹತ್ತಿ ಗಿರಣಿಯಲ್ಲಿ ಕೆಮ್ಮಿ ಕೆಮ್ಮಿ ಸತ್ತಿದ್ದ. ಅವನ ಹಿಂದೆಯೇ ಗಿರಣಿಯೂ ಮುಚ್ಚಿತು. ಗಿರಣಿಯವರು ತಾವು ಕೊಟ್ಟಿದ್ದ ಮನೆಯ ಬಾಗಿಲನ್ನೇ ಕಿತ್ತುಕೊಂಡು ಹೋದರು. ಬಾಗಿಲಿಲ್ಲದ ಮನೆಯಲ್ಲಿ ಕೂತು ಏನು ಮಾಡುವುದು? 'ಆ ಊರಲ್ಲಿ ಕೈ ಚಾಚಿದರೆ ಕೆಲಸ' ಎಂದು ಯಾರೋ ಹೇಳಿದ್ದನ್ನು ನಂಬಿ ಇಬ್ಬರೂ ಗಂಟು ಕಟ್ಟಿ ಬಂದಿದ್ದರು.

ದೂರದ ಬೆಟ್ಟ ನುಣ್ಣಗೆ. ಸೊಸೆ ಬೀದಿ ಬೀದಿ ಅಲೆದಳು. ಹೋಟೆಲಿನ ಹಿಂಬಾಗಿಲು ತಟ್ಟಿದಳು, ದೊಡ್ಡ ಮನೆಗಳ ಗೇಟು ತಟ್ಟಿದಳು, ಬಟ್ಟೆ ಅಂಗಡಿಯ ಮುಂದೆ ನಿಂತಳು. ಎಲ್ಲ ಕಡೆ ಒಂದೇ ಪ್ರಶ್ನೆ.

"ಯಾರು ಕಳಿಸಿದ್ರು ನಿನ್ನ?"

"ಯಾರೂ ಕಳಿಸಿಲ್ಲ. ಹೊಸಬಳು."

"ಗೊತ್ತಿರೋರು ಯಾರಾದ್ರೂ ಹೇಳಿದ್ರೆ ನೋಡೋಣ."

ಒಂದು ಕಡೆ ಕೆಲಸ ಮಾಡಿದರಲ್ಲವೆ ನಾಲ್ಕು ಜನಕ್ಕೆ ಗೊತ್ತಾಗುವುದು! ಗೊತ್ತಿಲ್ಲದವಳಿಗೆ ಆ ಕೆಲಸ ಕೊಡುವವರು ಯಾರು? ಅವಳು ಕಾಲು ಎಳೆದುಕೊಂಡು ಬಸ್ ನಿಲ್ದಾಣದ ಕಟ್ಟೆಯ ಮೇಲೆ ಕೂತಳು. ಅಲ್ಲಿಗೆ ಒಂದು ಬಿಳಿ ವ್ಯಾನು ಬಂದು ನಿಂತಿತು.

ಇಳಿದವನು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟಿದ್ದ. ಅತ್ತರಿನ ಘಮ. ಬಾಯಲ್ಲಿ ಲವಂಗ. ನೇರ ಅವಳ ಮುಂದೆ ಬಂದು ನಿಂತ.

"ಊರಿಗೆ ಹೊಸಬರಾ ಅಕ್ಕಾ? ಮುಖ ನೋಡಿದ್ರೇ ಗೊತ್ತಾಗುತ್ತೆ, ಏನೂ ತಿಂದಿಲ್ಲ ನೀವು. ಬನ್ನಿ, ಮೊದಲು ಒಂದು ಚಹಾ ಕುಡೀರಿ."

ಆ ಊರಿಗೆ ಬಂದ ಮೇಲೆ ಅವಳನ್ನು ಅಕ್ಕ ಎಂದು ಕರೆದ ಮೊದಲ ಬಾಯಿ ಅದು. ಅವಳ ಕಣ್ಣು ಒದ್ದೆಯಾಯಿತು. ಅವನನ್ನು ಎಲ್ಲರೂ ಬೆಲ್ಲದಣ್ಣ ಎಂದು ಕರೆಯುತ್ತಾರೆ ಎಂಬುದು ಆಮೇಲೆ ತಿಳಿಯಿತು. ಬಟ್ಟೆ ಒಗೆಯುವ ಕಾರ್ಖಾನೆಯ ಮೇಸ್ತ್ರಿ ಅವನು. ಆಸ್ಪತ್ರೆ, ಲಾಡ್ಜು, ಕಲ್ಯಾಣ ಮಂಟಪ, ಎಲ್ಲದರ ಬಟ್ಟೆಯೂ ಅಲ್ಲಿಗೇ ಬರುತ್ತಿತ್ತು.

"ಒಂದು ವಾರ ಟ್ರಯಲ್ ಅಕ್ಕಾ. ಕೆಲಸ ಕೈ ಹತ್ತಿದ್ರೆ ಖಾಯಂ. ನಮ್ಮದು ಒಂದು ಕುಟುಂಬ ಇದ್ದ ಹಾಗೆ."

ಒಗೆಯುವುದಕ್ಕೆ ಅಲ್ಲಿ ಯಂತ್ರಗಳಿದ್ದವು. ಆದರೆ ಯಂತ್ರಕ್ಕೆ ಹಾಕುವ ಮೊದಲು ಬಟ್ಟೆ ಬೇರೆ ಮಾಡಬೇಕಲ್ಲ, ಅದು ಕೈಯ ಕೆಲಸ. ಹಿಂದಿನ ತಗಡಿನ ಶೆಡ್ಡಿನಲ್ಲಿ ಆಸ್ಪತ್ರೆಯ ಬಟ್ಟೆ ರಾಶಿ ಬಿದ್ದಿತ್ತು. ಸೊಸೆ ಮೊದಲ ಚಾದರ ಎಳೆದಳು. ಅದು ರಕ್ತದಲ್ಲಿ ಅಂಟಿ ಒಣಗಿ ರಟ್ಟಿನಂತಾಗಿತ್ತು. ಬಿಡಿಸಿದರೆ ಒಳಗೆ ಇನ್ನೂ ಹಸಿ. ಮತ್ತೊಂದರಲ್ಲಿ ಮಲ. ಮತ್ತೊಂದರಲ್ಲಿ ಯಾವನದೋ ವಾಂತಿ, ಅನ್ನದ ಅಗುಳು ಕೂಡ ಹಾಗೇ ಇತ್ತು. ಒಂದು ದಿಂಬಿನ ಚೀಲದಲ್ಲಿ ಕೀವು ಮೆತ್ತಿದ ಬ್ಯಾಂಡೇಜು, ಅದರಲ್ಲಿ ಸಿಕ್ಕಿಕೊಂಡ ಸೂಜಿ. ಹುಳ ಬಿದ್ದದ್ದೂ ಇತ್ತು. ಅದನ್ನೆಲ್ಲ ಕೊಡವಿ, ಕೆರೆದು, ಬ್ಲೀಚಿನ ತೊಟ್ಟಿಗೆ ಮೊಣಕೈವರೆಗೆ ಕೈ ಇಳಿಸಿ ಅದ್ದಬೇಕು.

"ಗ್ಲೌಸ್ ಇಲ್ವಾ ಅಣ್ಣಾ?" ಎಂದು ಕೇಳಿದಳು.

"ಖಾಯಂ ಆದೋರಿಗೆ ಕೊಡ್ತೀವಿ ಅಕ್ಕಾ," ಎಂದ ಬೆಲ್ಲದಣ್ಣ. ಮೂಗಿಗೆ ಕರ್ಚೀಫು ಹಿಡಿದೇ ನಗುತ್ತಿದ್ದ.

ಶೆಡ್ಡಿನಲ್ಲಿದ್ದ ಹೆಂಗಸರೆಲ್ಲ ಇವಳಂತೆ ಹೊಸಬರು. ಹಳಬಳೆಂದರೆ ಮುಂದಿನ ಕೋಣೆಯ ಇಸ್ತ್ರಿಯವಳು ಒಬ್ಬಳೇ. ಅವಳು ಇವರ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ನೀರು ಕುಡಿಯಲು ಬಂದವಳನ್ನು ಸೊಸೆ ಮಾತನಾಡಿಸಿದರೆ ಲೋಟ ಅರ್ಧದಲ್ಲೇ ಇಟ್ಟು ಹೋದಳು. 'ಅಹಂಕಾರ' ಎಂದುಕೊಂಡಳು ಸೊಸೆ.

ಮನೆಗೆ ಬಂದರೆ ತುತ್ತು ಒಳಗೆ ಇಳಿಯುತ್ತಿರಲಿಲ್ಲ. ಅನ್ನ ಕಲಸಿದರೆ ಬೆರಳಿನ ವಾಸನೆ ಮೂಗಿಗೆ ಬಡಿಯುತ್ತಿತ್ತು. ಬೂದಿಯಲ್ಲಿ ತಿಕ್ಕಿದಳು, ನಿಂಬೆ ಸಿಪ್ಪೆಯಲ್ಲಿ ತಿಕ್ಕಿದಳು. ಹೋಗಲಿಲ್ಲ. ಕೊನೆಗೆ ಅತ್ತೆಯೇ ಕಲಸಿ, ತುತ್ತು ಮಾಡಿ ಬಾಯಿಗಿಟ್ಟಳು.

"ಕೈ ಕೆಸರಾದ್ರೆ ಬಾಯಿ ಮೊಸರು ಅಂದ ಪುಣ್ಯಾತ್ಮ ಈ ಕೆಸರು ನೋಡಿರ್ಲಿಲ್ಲ ಬಿಡು," ಎಂದಳು ಮುದುಕಿ.

ಸೊಸೆ ನಕ್ಕಳು. ನಕ್ಕವಳು ಹಾಗೇ ಹೊರಗೆ ಓಡಿ ಚರಂಡಿಯ ಪಕ್ಕ ಕೂತು ಉಂಡದ್ದೆಲ್ಲ ಕಕ್ಕಿದಳು.

ಆದರೂ ಬಿಡಲಿಲ್ಲ. ಖಾಯಂ ಎಂಬ ಒಂದು ಮಾತು ಹಿಡಿದುಕೊಂಡು ದಿನ ನೂಕಿದಳು. ಕೈ ಕೆಂಪಾಯಿತು, ಚರ್ಮ ಸುಲಿಯಿತು, ಮೊಣಕೈಯ ತನಕ ಗುಳ್ಳೆ ಎದ್ದವು. ವಾರ ಮುಗಿದ ದಿನ ಬೆಲ್ಲದಣ್ಣ ಅವಳನ್ನು ಪಕ್ಕಕ್ಕೆ ಕರೆದ. ದನಿಯಲ್ಲಿ ಎಂದಿನ ಅಕ್ಕರೆ.

"ನೀವು ಬಹಳ ಒಳ್ಳೆಯವರು ಅಕ್ಕಾ. ಹೇಳೋಕೆ ನನಗೇ ಸಂಕಟ. ನಿಮ್ಮ ಕೈ ಸ್ವಲ್ಪ ನಿಧಾನ."

"ನಿಧಾನ? ಎಲ್ಲರಿಗಿಂತ ಮುಂಚೆ ನಾನೇ ರಾಶಿ ಮುಗಿಸ್ತಿದ್ದೆ ಅಣ್ಣಾ..."

"ನಾನೇನು ಮಾಡ್ಲಿ, ಮಾಲೀಕರು ಒಪ್ಪಲ್ಲ."

"ಮಾಡಿದ್ದಕ್ಕಾದ್ರೂ ಕೂಲಿ..."

"ಟ್ರಯಲ್‌ಗೆ ಕೂಲಿ ಇರುತ್ತಾ ಅಕ್ಕಾ? ಕೆಲಸ ಕಲಿಸಿದ್ದಕ್ಕೆ ನಾವು ಫೀಸು ಕೇಳಿಲ್ಲ, ಅದೇ ದೊಡ್ಡದು." ಅವನು ನಕ್ಕ. ಗೇಟಿನ ಹೊರಗೆ ಬಿಳಿ ವ್ಯಾನು ಬಂದು ನಿಂತಿತ್ತು. ಕೈಯಲ್ಲಿ ಗಂಟು ಹಿಡಿದ ಹೆಂಗಸರು ಒಬ್ಬೊಬ್ಬರಾಗಿ ಇಳಿಯುತ್ತಿದ್ದರು.

ಸೊಸೆ ಅತ್ತೆಗೆ ನಿಜ ಹೇಳಲಿಲ್ಲ. 'ಕೆಲಸ ಕಡಿಮೆಯಂತೆ, ಆಮೇಲೆ ಕರೀತಾರಂತೆ' ಎಂದಳು. ಗಿರಣಿಯಲ್ಲಿ ದಾರ ಸುತ್ತುವಾಗ ಇವಳ ಕೈ ನೋಡಲು ಪಕ್ಕದವರು ನಿಲ್ಲುತ್ತಿದ್ದರು. ಆ ಕೈಯನ್ನು ನಿಧಾನ ಎಂದು ಅತ್ತೆಯ ಮುಂದೆ ಹೇಗೆ ಹೇಳುವುದು? ಆ ನಾಚಿಕೆಯಲ್ಲಿ ಎರಡು ದಿನ ಹೊರಗೆ ಮುಖ ತೋರಿಸಲಿಲ್ಲ.

ಬೀದಿಯ ನಲ್ಲಿಯಲ್ಲಿ ನೀರು ಬಂದಾಗ ಹೋಗಲೇಬೇಕಾಯಿತು. ಮುಂದೆ ನಿಂತಿದ್ದ ಇಟ್ಟಿಗೆ ಹೊರುವವಳು ಕೊಡ ಎತ್ತಿದಳು. ತೋಳಿನ ಬಟ್ಟೆ ಸರಿಯಿತು. ಮೊಣಕೈಯ ತನಕ ಅದೇ ಗುಳ್ಳೆ, ಒಣಗಿ ಕಪ್ಪಾದ ಕಲೆ.

"ಅದೇನಕ್ಕಾ ಕೈ?" ಎಂದಳು ಸೊಸೆ.

ಅವಳು ಸಟಕ್ಕನೆ ಬಟ್ಟೆ ಎಳೆದುಕೊಂಡಳು. ಆಮೇಲೆ ಸೊಸೆಯ ಕೈ ನೋಡಿದಳು. ನೀರು ನೆಲಕ್ಕೆ ಚೆಲ್ಲುತ್ತಿದ್ದರೂ ಯಾರೂ ನಲ್ಲಿ ನಿಲ್ಲಿಸಲಿಲ್ಲ.

"ನಿನಗೂ ಕೈ ನಿಧಾನ ಅಂದ್ನಾ?"

"ಅಯ್ಯೋ, ನಿಂಗೂ ಅಂದ್ನಾ?"

"ನನಗೂ ಅಂದ," ಎಂದಿತು ಸಾಲಿನ ಹಿಂದಿನಿಂದ ಒಂದು ದನಿ. ತರಕಾರಿ ಮಾರುವವಳದು. "ಮನೇಲಿ ಗಂಡನಿಗೂ ಹೇಳಿಲ್ಲ ನಾನು. ಒಂದು ಕೆಲಸ ನೆಟ್ಟಗೆ ಮಾಡೋಕೆ ಬರಲ್ವಾ ಅಂತಾನಲ್ಲ ಅಂತ."

ಒಬ್ಬೊಬ್ಬರೇ ತೋಳು ತೋರಿಸಿದರು. ಒಂದೇ ಗುಳ್ಳೆ, ಒಂದೇ ಮಾತು, ಅದೇ ಅಕ್ಕರೆ. ಆ ಶೆಡ್ಡಿನಲ್ಲಿ ಯಾರನ್ನೂ ಖಾಯಂ ಮಾಡುವುದೇ ಇಲ್ಲ. ವ್ಯಾನು ತುಂಬ ಹೊಸ ಕೈ ಬರುತ್ತಲೇ ಇರುತ್ತದೆ, ವಾರ ತುಂಬಿದ ಸುಟ್ಟ ಕೈ ಹೊರಗೆ ಹೋಗುತ್ತದೆ. ಇಡೀ ಕಾರ್ಖಾನೆ ನಡೆಯುವುದು ಪುಕ್ಕಟೆ ಕೈಗಳ ಮೇಲೆ. ಬೀದಿಯ ತುಂಬ ಇಂಥವರಿದ್ದರೂ ಒಬ್ಬರಿಗೊಬ್ಬರು ಬಾಯಿ ಬಿಟ್ಟಿರಲಿಲ್ಲ. ನಾಚಿಕೆ ಅವನಿಗಾಗಬೇಕಿತ್ತು. ಹೊತ್ತುಕೊಂಡು ತಿರುಗಿದವರು ಇವರು.

ಶೆಡ್ಡಿನ ರಾಶಿಯಲ್ಲಿ ಕೈ ಇಟ್ಟಾಗಲೂ ಸೊಸೆಗೆ ಇಷ್ಟು ಅಸಹ್ಯ ಆಗಿರಲಿಲ್ಲ. ಅದು ರೋಗಿಗಳ ಹೊಲಸು. ಪಾಪ, ಅವರೇನು ಮಾಡಿಯಾರು? ಇದು ಲವಂಗ ಜಗಿಯುವ ಬಾಯಿಯ ಹೊಲಸು.

ಎಲ್ಲ ಸೇರಿ ಕಾರ್ಮಿಕ ಇಲಾಖೆಯ ಆಫೀಸಿಗೆ ಹೋದರು. ಸಾಹೇಬರು ಬಿಸ್ಕತ್ತು ಅದ್ದಿಕೊಂಡು ಚಹಾ ಕುಡಿಯುತ್ತಿದ್ದರು.

"ಅಲ್ಲಿ ಕೆಲಸ ಮಾಡಿದ್ದಕ್ಕೆ ಸಾಕ್ಷಿ ಏನು?"

ಸೊಸೆ ಎರಡೂ ಕೈ ಮೇಜಿನ ಮೇಲಿಟ್ಟಳು. ಸಾಹೇಬರು ಬಿಸ್ಕತ್ತಿನ ತಟ್ಟೆ ಹಿಂದಕ್ಕೆ ಎಳೆದುಕೊಂಡರು.

"ಥೂ, ತೆಗಿಯಮ್ಮಾ! ಇದಕ್ಕೆ ಚರ್ಮದ ಡಾಕ್ಟರ ಹತ್ರ ಹೋಗ್ಬೇಕು. ಇಲ್ಲಿಗ್ಯಾಕೆ ಬಂದೆ?"

ಮಾರನೆಯ ದಿನ ಬೆಲ್ಲದಣ್ಣ ಮೆಟ್ಟಿಲ ಕೆಳಗಿನ ಕೋಣೆಗೇ ಬಂದ. ಬಾಗಿ ಒಳಗೆ ಬಂದವನು ಮುದುಕಿಯ ಕಾಲ ಬಳಿ ಹಣ್ಣಿನ ಚೀಲ ಇಟ್ಟ.

"ಸಾಹೇಬ್ರು ಫೋನ್ ಮಾಡಿದ್ರು. ಮನೆ ಮಾತು ಬೀದಿಗೆ ಯಾಕೆ ತಂದ್ರಿ ಅಕ್ಕಾ? ನಿಮಗೆ ಖಾಯಂ ಕೆಲಸ ತಾನೆ ಬೇಕು? ತಗೊಳ್ಳಿ, ನಾಳೆಯಿಂದಲೇ. ಬಟ್ಟೆ ಮುಟ್ಟೋದು ಬೇಡ. ಬಸ್ ನಿಲ್ದಾಣದಲ್ಲಿ ನಿಂತು ಹೊಸ ಹೆಂಗಸರನ್ನ ಮಾತಾಡಿಸಿ ಕರ್ಕೊಂಡು ಬರೋದು ಅಷ್ಟೇ. ಗಂಡಸು ಕರೆದ್ರೆ ಹೆದರ್ತಾರೆ. ನಿಮ್ಮ ಮುಖ ಕಂಡ್ರೆ ನಂಬ್ತಾರೆ. ಇಸ್ತ್ರಿಯವಳೂ ಮೊದಲು ಇದೇ ಕೆಲಸ ಮಾಡಿದ್ದು."

ಇಸ್ತ್ರಿಯವಳು ಯಾಕೆ ಮುಖ ತಿರುಗಿಸುತ್ತಿದ್ದಳೆಂದು ಸೊಸೆಗೆ ಆಗ ಅರ್ಥವಾಯಿತು.

ಅವನು ಹೋದ ಮೇಲೆ ಸೊಸೆ ಡಬ್ಬಿ ತೆಗೆದು ನೋಡಿದಳು. ಅಕ್ಕಿ ಮುಗಿದಿತ್ತು. ಹಣ್ಣಿನ ವಾಸನೆ ಕೋಣೆಯ ತುಂಬ ಹರಡಿತ್ತು.

"ಅತ್ತೆ, ಏನ್ ಮಾಡ್ಲಿ?"

"ನನ್ನ ಕೇಳಬೇಡ," ಎಂದಳು ಮುದುಕಿ. ಎಂದೂ ತಮಾಷೆ ಬಿಡದ ಬಾಯಲ್ಲಿ ಈಗ ತಮಾಷೆ ಇರಲಿಲ್ಲ. "ನಾನು ಹಸಿದಿದ್ದೀನಿ. ಹಸಿದವಳನ್ನ ಕೇಳಿದ್ರೆ ಹೂಂ ಅಂದುಬಿಡ್ತೀನಿ."

ಬೆಳಿಗ್ಗೆ ಸೊಸೆ ಬಸ್ ನಿಲ್ದಾಣಕ್ಕೆ ಹೋದಳು. ಏನು ಮಾಡುತ್ತೇನೆಂದು ಅವಳಿಗೇ ಗೊತ್ತಿರಲಿಲ್ಲ. ಬೆಲ್ಲದಣ್ಣ ವ್ಯಾನಿಗೆ ಒರಗಿ ನಿಂತಿದ್ದ. ಬಸ್ಸಿನಿಂದ ಒಬ್ಬ ಹುಡುಗಿ ಇಳಿದಳು. ಸೊಂಟದಲ್ಲಿ ಕೂಸು, ಕೈಯಲ್ಲಿ ಗಂಟು. ಆಕಡೆ ಈಕಡೆ ನೋಡುತ್ತ ನಿಂತಳು.

"ಹೋಗಿ ಅಕ್ಕಾ," ಎಂದ ಬೆಲ್ಲದಣ್ಣ ಮೆಲ್ಲಗೆ.

ಸೊಸೆ ಹೋದಳು. "ಕೆಲಸ ಹುಡುಕ್ಕೊಂಡು ಬಂದ್ಯಾ ತಾಯಿ?"

"ಹೌದಕ್ಕಾ! ಇದೆಯಾ ಎಲ್ಲಾದ್ರೂ?" ಹುಡುಗಿಯ ಮುಖ ಅರಳಿತು.

ಅಷ್ಟು ನಂಬಿಕೆಯಿಂದ ತನ್ನನ್ನು ಯಾರಾದರೂ ನೋಡಿ ಎಷ್ಟು ಕಾಲವಾಗಿತ್ತೋ! ಸೊಸೆ ತೋಳಿನ ಬಟ್ಟೆ ಮೇಲಕ್ಕೆ ಎಳೆದು ಎರಡೂ ಕೈ ಮುಂದೆ ಹಿಡಿದಳು.

"ಇದು ನೋಡು. ಮೂಸಿ ನೋಡು. ಅವನು ಕೊಡೋ ಕೆಲಸ ಇದು. ವಾರ ಪೂರ್ತಿ ದುಡಿಸ್ಕೋತಾನೆ, ಆಮೇಲೆ ನಿನ್ನ ಕೈ ನಿಧಾನ ಅಂತ ಬರಿಗೈಲಿ ಅಟ್ತಾನೆ. ಹೋಗಬೇಡ!"

ತಾನು ಅಷ್ಟು ಜೋರಾಗಿ ಕೂಗಿದೆನೆಂದು ಅವಳಿಗೆ ತಿಳಿದದ್ದು ಇಡೀ ನಿಲ್ದಾಣ ತಿರುಗಿ ನೋಡಿದ ಮೇಲೆ.

ಬೆಲ್ಲದಣ್ಣ ನಗುತ್ತಲೇ ಹತ್ತಿರ ಬಂದ. "ಪಾಪ, ಗಂಡ ಸತ್ತ ಮೇಲೆ ತಲೆ ಕೆಟ್ಟಿದೆ ಇವರಿಗೆ. ಬಾ ತಂಗಿ, ಕೂಸಿಗೆ ಹಾಲು ಕೊಡಿಸ್ತೀನಿ."

ಹುಡುಗಿ ಇವಳ ಕೈ ನೋಡಿದಳು, ಅವನ ಅಂಗಿ ನೋಡಿದಳು. ಕೂಸು ಅಳತೊಡಗಿತು.

"ಒಂದು ವಾರ ತಾನೆ ಅಕ್ಕಾ," ಎಂದಳು ತಲೆ ತಗ್ಗಿಸಿ. "ನನ್ನ ಕೈ ಚುರುಕು." ವ್ಯಾನು ಹತ್ತಿದಳು.

ಬೆಲ್ಲದಣ್ಣ ಬಾಗಿಲು ಹಾಕಿ ತಿರುಗುವಷ್ಟರಲ್ಲಿ ಸೊಸೆ ಅವನ ಮುಖಕ್ಕೆ ಉಗಿದಳು. ಅವನ ಬಾಯಲ್ಲಿ ಅಕ್ಕ ಎಂಬ ಮಾತು ಅಂದಿಗೆ ನಿಂತಿತು. ಎಲ್ಲರೆದುರೇ ಬಾಯಿಗೆ ಬಂದ ಹೊಲಸು ಬೈಗುಳ ಬೈದ. ಕೇಳಿ ಸೊಸೆಗೆ ಎಷ್ಟೋ ಹಗುರವಾಯಿತು. ಮುಚ್ಚಳ ತೆಗೆದ ಮೇಲೆ ಒಳಗಿದ್ದದ್ದು ಕಂಡಿತಲ್ಲ.

ಹಣ್ಣಿನ ಚೀಲವನ್ನು ಅತ್ತೆ ಮುಟ್ಟಿರಲಿಲ್ಲ. ಸೊಸೆ ನಡೆದದ್ದನ್ನು ಹೇಳಿದ ಮೇಲೆ ಅದನ್ನು ಎತ್ತಿ ಹೊರಗಿಟ್ಟಳು. "ದನ ತಿನ್ನಲಿ. ಅವಕ್ಕೆ ಋಣ ತೀರಿಸೋ ಗೊಡವೆ ಇಲ್ಲ," ಎಂದಳು. ಸಂಜೆ ತರಕಾರಿಯವಳು ಬಾಡಿದ ಸೊಪ್ಪು ತಂದು ಹಾಕಿದಳು. ಇಟ್ಟಿಗೆಯವಳು ತನ್ನ ಮೇಸ್ತ್ರಿಗೆ ಹೇಳಿ ಸೊಸೆಯನ್ನು ಮರಳು ಜರಡಿ ಹಿಡಿಯಲು ಸೇರಿಸಿದಳು. 'ಯಾರು ಕಳಿಸಿದ್ದು?' ಎಂದು ಅವನು ಕೇಳಿದಾಗ 'ನಮ್ಮ ಬೀದಿಯೋಳು' ಎಂದಳಂತೆ.

ಮರುದಿನದಿಂದ ಸೊಸೆ ಒಬ್ಬಳೇ ಹೋಗಲಿಲ್ಲ. ಕೆಲಸಕ್ಕೆ ಹೋಗುವ ಮೊದಲು ನಲ್ಲಿಯ ಸಾಲಿನವರೆಲ್ಲ ಬಸ್ ನಿಲ್ದಾಣಕ್ಕೆ ಹೋಗಿ ನಿಂತರು. ಬಸ್ಸಿನಿಂದ ಇಳಿದವರ ಮುಂದೆ ಕೈ ಚಾಚಿ ತೋರಿಸಿದರು. ಒಬ್ಬಳ ಮಾತಾದರೆ ಹುಚ್ಚು ಎನ್ನಬಹುದು, ಇಷ್ಟು ಕೈಗಳನ್ನು ಏನೆನ್ನುವುದು? ವ್ಯಾನು ಖಾಲಿ ಹೋಯಿತು. ಮಾರನೆಯ ದಿನವೂ ಖಾಲಿ. ಪೊಲೀಸಿನವನು ಬಂದು ಲಾಠಿ ಆಡಿಸಿ, "ಇಲ್ಲಿ ಗುಂಪು ಸೇರಬಾರ್ದು" ಎಂದ. "ನೆಂಟರನ್ನ ಕರ್ಕೊಂಡು ಹೋಗೋಕೆ ಬಂದಿದ್ದೀವಿ ಸ್ವಾಮಿ," ಎಂದಳು ತರಕಾರಿಯವಳು. ಆಮೇಲೆ ವ್ಯಾನೇ ಬರುವುದು ನಿಂತಿತು.

ಗೆದ್ದೆವು ಎಂದುಕೊಂಡರು. ಆದರೆ ಒಂದು ಸಂಜೆ ಎಲ್ಲರೂ ನಲ್ಲಿಯ ಬಳಿ ಇದ್ದಾಗ ಕೂಸಿನ ಹುಡುಗಿ ಬಸ್ ನಿಲ್ದಾಣದಲ್ಲಿ ವಿಚಾರಿಸಿ ಬೀದಿ ಹುಡುಕಿಕೊಂಡು ಬಂದಳು. ತೋಳು ಬೆಂದ ಹಾಗಿತ್ತು. ಕೂಸನ್ನು ಮುಟ್ಟಲು ಅಂಜಿ, ಬಟ್ಟೆ ಸುತ್ತಿದ ಕೈಯಲ್ಲಿ ಎತ್ತಿಕೊಂಡಿದ್ದಳು.

ಅತ್ತೆ ಕೂಸನ್ನು ಎತ್ತಿಕೊಂಡಳು.

"ನಿಲ್ಲಿಸಿಲ್ಲ ಅಕ್ಕಾ ಅವನು," ಎಂದಳು ಹುಡುಗಿ. "ಈಗ ರೈಲ್ವೆ ಸ್ಟೇಷನ್ನಿಂದ ತರ್ತಿದ್ದಾನೆ. ನನ್ನ ಅಟ್ಟಿದ ಹೊತ್ತಿಗೇ ಒಂದು ವ್ಯಾನು ಬಂತು. ಎಲ್ಲಾ ನನ್ನ ಹಾಗಿನವರೇ."

ಸ್ಟೇಷನ್ನು ಊರಿನ ಆ ತುದಿಗಿತ್ತು. ನಸುಕಿನಲ್ಲೇ ಎದ್ದು ನಡೆಯಬೇಕು. ಆಮೇಲೆ ಅಲ್ಲಿಂದ ಕೆಲಸಕ್ಕೆ ಓಡಬೇಕು.

"ಅಲ್ಲಿಂದ ಓಡಿಸಿದ್ರೆ ಮತ್ತೆಲ್ಲಿಗೆ ಹೋಗ್ತಾನೋ," ಎಂದು ನಿಟ್ಟುಸಿರು ಬಿಟ್ಟಳು ತರಕಾರಿಯವಳು.

"ಎಲ್ಲಿಗೆ ಹೋಗ್ತಾನೋ ಅಲ್ಲಿಗೆ," ಎಂದಳು ಸೊಸೆ. ಹುಡುಗಿಯ ಕೈಗೆ ಸುತ್ತಿದ ಬಟ್ಟೆ ಬಿಚ್ಚಿ, ನಲ್ಲಿಯ ತಣ್ಣೀರಿನ ಕೆಳಗೆ ಹಿಡಿದಳು. "ದಾರಿ ಗೊತ್ತಿರೋರು ಯಾರಿದ್ದೀರಿ?"